ಯಾರೂ ಅಪ್ಪನನ್ನು ಕೇಳಿರಲಿಲ್ಲ

ಚಳ್ಳಕೆರೆಯ ಮಕ್ಕಳ ಡಾಕ್ಟರು ಅರ್ಧ ಗಂಟೆಯಿಂದ ನನ್ನ ಹೆಂಡತಿ ರೇಣುಕಾಳನ್ನೇ ಪ್ರಶ್ನೆ ಕೇಳುತ್ತಿದ್ದರು. ಬಸುರಿಯಾಗಿದ್ದಾಗ ಜ್ವರ ಬಂದಿತ್ತಾ? ಬಿ.ಪಿ. ಏರಿತ್ತಾ? ಕಬ್ಬಿಣದ ಮಾತ್ರೆ ತಪ್ಪಿಸಿದ್ದಿರಾ? ಮಗು ಹುಟ್ಟಿದ ಕೂಡಲೇ ಅತ್ತಿತಾ? ರೇಣುಕಾ ಪ್ರತಿಯೊಂದಕ್ಕೂ ತಲೆ ತಗ್ಗಿಸಿಕೊಂಡು ಉತ್ತರ ಕೊಡುತ್ತಿದ್ದಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ. ನಮ್ಮ ಮಗಳು ಸಿಂಚನಾ ಅವಳ ತೊಡೆಯ ಮೇಲೆ ಕೂತು, ಡಾಕ್ಟರು ಕೊಟ್ಟ ಕೆಂಪು ಚೆಂಡನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಅವಳಿಗೆ ಎರಡು ವರ್ಷ ಎಂಟು ತಿಂಗಳು. ಒಂದೇ ಒಂದು ಮಾತೂ ಬಂದಿರಲಿಲ್ಲ. ನಡೆಯಲು ಕಲಿತದ್ದೂ ತಡವಾಗಿ. ಪಾತ್ರೆ ಬಿದ್ದರೆ, ಬಾಗಿಲು ಬಡಿದರೆ ಬೆಚ್ಚಿ ಅಮ್ಮನ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದಳು. ಕಿವಿಯ ಪರೀಕ್ಷೆ ಆಗಿತ್ತು, ಕಿವಿ ಸರಿಯಾಗಿತ್ತು.

ನಾನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಆಸ್ಪತ್ರೆಗಳಲ್ಲಿ ಅಪ್ಪಂದಿರ ಜಾಗ ಅದು. ಚೀಟಿ ಹಿಡಿದುಕೊಂಡಿರಬೇಕು, ಕೂಗಿದಾಗ ಹೋಗಿ ಔಷಧಿ ತರಬೇಕು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ನಿಮ್ಮ ಆರೋಗ್ಯ ಹೇಗಿದೆ?"

"ನಂಗೇನಾಗೈತೆ ಮೇಡಂ? ಚೆನ್ನಾಗೇ ಇದೀನಿ."

"ಇಲ್ಲ ಮೇಡಂ," ಅಂದಳು ರೇಣುಕಾ. ಅವಳ ತಲೆ ಮೇಲೆದ್ದಿತ್ತು. "ಇವ್ರು ಚೆನ್ನಾಗಿಲ್ಲ. ನಾಲ್ಕು ವರ್ಷ ಆಗ್ತಾ ಬಂತು, ಇವ್ರು ಚೆನ್ನಾಗಿಲ್ಲ."

ನನಗೆ ಸಿಟ್ಟು ಬಂತು. ಮಗುವನ್ನು ತೋರಿಸಲು ಬಂದಿದ್ದೇವೆ, ಇವಳು ನನ್ನ ವಿಷಯ ತೆಗೆಯುತ್ತಾಳಲ್ಲ ಎಂದು. ಆದರೆ ಆ ಒಂದು ಪ್ರಶ್ನೆಯಿಂದಲೇ ನನ್ನ ಚಿಕಿತ್ಸೆ ಶುರುವಾಯಿತು. ಅದಕ್ಕೇ ಅಲ್ಲಿಂದಲೇ ಬರೆಯುತ್ತಿದ್ದೇನೆ.

ನನ್ನ ಹೆಸರು ತಿಪ್ಪೇಸ್ವಾಮಿ. ಮೊಳಕಾಲ್ಮೂರಿನಲ್ಲಿ ಮನೆ, ಲೈನ್‌ಮನ್ ಕೆಲಸ. ದೇವಸಮುದ್ರದ ಕಡೆಯ ಹಳ್ಳಿಗಳ ಕಂಬ, ತಂತಿ ಎಲ್ಲ ನನಗೆ ಅಂಗೈ ಗೆರೆಯಷ್ಟು ಗೊತ್ತು. ಜೊತೆಗೆ ಓಬಳೇಶ ಇದ್ದ, ನನ್ನದೇ ವಯಸ್ಸಿನವನು, ಜಟಿಂಗ ರಾಮೇಶ್ವರ ಬೆಟ್ಟದ ಕೆಳಗಿನ ಹಳ್ಳಿಯವನು. ಒಬ್ಬ ಮೇಲೆ ಹತ್ತಿದರೆ ಇನ್ನೊಬ್ಬ ಕೆಳಗೆ. ಹತ್ತು ವರ್ಷ ಹೀಗೇ ನಡೆದಿತ್ತು.

ಒಂದು ಮಧ್ಯಾಹ್ನ ಗಾಳಿಗೆ ಹೊಲದ ನಡುವೆ ದೊಡ್ಡ ಲೈನಿನ ತಂತಿ ಹರಿದಿತ್ತು. ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಕರೆಂಟು ತೆಗೆಸಿದೆ. ತೆಗೆಸಿದರಷ್ಟೇ ಸಾಲದು. ಎಲ್ಲಾದರೂ ಯಾರದಾದರೂ ಜನರೇಟರು ಓಡುತ್ತಿದ್ದರೆ ಅದರ ಕರೆಂಟು ಹಿಂದಿನಿಂದ ಲೈನಿಗೆ ನುಗ್ಗಬಹುದು. ಅದಕ್ಕೇ ಹತ್ತುವ ಮೊದಲು ತಂತಿಗಳಿಗೆ ಸರಪಳಿ ಹಾಕಿ ನೆಲಕ್ಕೆ ಕಟ್ಟಬೇಕು. ಸರಪಳಿ ಜೀಪಿನಲ್ಲಿತ್ತು. ಜೀಪು ರಸ್ತೆಯಲ್ಲಿತ್ತು, ಎರಡು ಹೊಲದಾಚೆ. ಹಳ್ಳಿಯವರು ಸುತ್ತ ನಿಂತು ಬೇಗ ಬೇಗ ಎನ್ನುತ್ತಿದ್ದರು. "ಕ್ಲಿಯರ್ ಐತೆ, ಹತ್ತು ಲೇ," ಅಂದೆ.

ಅವತ್ತು ಪಕ್ಕದ ಹಳ್ಳಿಯಲ್ಲಿ ಒಂದು ಮದುವೆ. ಕರೆಂಟು ಹೋದ ಕೂಡಲೇ ಅವರು ಬಾಡಿಗೆ ಜನರೇಟರು ಹಚ್ಚಿದ್ದರು. ಅದನ್ನು ಮನೆಯ ಮೀಟರ್ ಬೋರ್ಡಿಗೆ ನೇರ ಸಿಕ್ಕಿಸಿದ್ದರು.

ಓಬಳೇಶ ಬದುಕಿದ. ಬಲಗೈ ಮೊಣಕೈಯಿಂದ ಕೆಳಗೆ ಉಳಿಯಲಿಲ್ಲ.

ವಿಚಾರಣೆ ನಡೆಯಿತು. ತಪ್ಪು ಜನರೇಟರಿನ ವೈರಿಂಗಿನದು ಎಂದಾಯಿತು. ಸರಪಳಿಯ ಮಾತು ಬಂದಾಗ ನಾನು "ಹಾಕಿದ್ವಿ ಸಾರ್, ಕಿತ್ತು ಬಂದಿರ್ಬೇಕು" ಅಂದೆ. ಗಾಳಿ ಜೋರಿದ್ದ ದಿನ, ನಂಬಿದರು. ನಾನು ಕೆಲಸಕ್ಕೆ ವಾಪಸು ಹೋದೆ.

ಹದಿನೈದು ದಿನದ ಮೇಲೆ ಶುರುವಾಯಿತು. ಫೋನು ಬಡಿದುಕೊಂಡರೆ ಎದೆ ಗುದ್ದುತ್ತಿತ್ತು. ಅಂಗೈ ಒದ್ದೆ, ಬಾಯಿ ಒಣಗುತ್ತಿತ್ತು, ಈಗ ಸತ್ತೆ ಎನಿಸುತ್ತಿತ್ತು. ಹಾರ್ಟಿನದೇ ತೊಂದರೆ ಎಂದು ಮೂರು ಸಲ ಇಸಿಜಿ ಮಾಡಿಸಿದೆ. ಮೂರು ಸಲವೂ ನಾರ್ಮಲ್. "ಗ್ಯಾಸ್ಟ್ರಿಕ್ಕು" ಎಂದು ಮಾತ್ರೆ ಕೊಟ್ಟರು, ನುಂಗಿದೆ. ನಮ್ಮ ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ ಇದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಈಗ ಅದು ತಲೆಯೊಳಗೆ ಬಡಿದ ಹಾಗಾಗಿ ಆ ಕಡೆಯ ಕಿಟಕಿ ಮುಚ್ಚಿಸಿದೆ. ಮಿಕ್ಸಿ ನಿಂತಿತು, ಟಿವಿ ನಿಂತಿತು. ಒಮ್ಮೆ ರೇಣುಕಾಳ ಕೈಯಿಂದ ತಟ್ಟೆ ಜಾರಿದಾಗ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಮಗ್ಗ ನಿಂತಿತು. ಅದಾದ ಮೇಲೆ ಮನೆಯಲ್ಲಿ ಎಲ್ಲರೂ ಪಿಸುಗುಟ್ಟಿ ಮಾತಾಡಲು ಕಲಿತರು. ಎಲ್ಲರೂ ಅಂದರೆ ರೇಣುಕಾ ಮತ್ತು ನನ್ನ ಅವ್ವ, ಅಷ್ಟೇ.

ಹೀಗೆ ನಾಲ್ಕು ತಿಂಗಳು ಕಳೆದಾಗ ರೇಣುಕಾ ಬಸುರಿಯಾದಳು. ಸಿಂಚನಾ ದಿನ ತುಂಬಿಯೇ ಹುಟ್ಟಿದಳು, ಆದರೆ ಬಹಳ ಸಣ್ಣಗಿದ್ದಳು. ನರ್ಸು ಬಟ್ಟೆಯಲ್ಲಿ ಸುತ್ತಿ ನನ್ನ ಕಡೆ ಚಾಚಿದಾಗ ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೆ. ಬೀಳಿಸಿಬಿಡುತ್ತೇನೆ ಎನಿಸಿತು. "ಗಂಡು ಬೇಕಾಗಿತ್ತೇನೋ ಯಜಮಾನ್ರಿಗೆ," ಎಂದು ನರ್ಸು ನಕ್ಕಳು. ಹೌದೆಂದುಕೊಳ್ಳಲಿ ಎಂದು ಸುಮ್ಮನಿದ್ದೆ. ನಿಜ ಹೇಳುವುದಕ್ಕಿಂತ ಅದೇ ಸುಲಭವಿತ್ತು.

ಆಮೇಲೂ ನಾನು ಮಗುವನ್ನು ಎತ್ತಿದ್ದು ಕಡಿಮೆ, ಮಾತಾಡಿಸಿದ್ದು ಇನ್ನೂ ಕಡಿಮೆ. ಕೆಲಸದಿಂದ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಮಗು ತಡವಾಗಿ ಕೂತಿತು, ತಡವಾಗಿ ನಡೆಯಿತು. ಮಾತು ಬರಲೇ ಇಲ್ಲ. ಅವ್ವ ಅದರ ಕಾರಣವನ್ನೆಲ್ಲ ರೇಣುಕಾಳಲ್ಲೇ ಹುಡುಕಿದಳು. ಗ್ರಹಣದ ದಿನ ಹೊರಗೆ ಬಂದಿದ್ದಳು. ಪಪ್ಪಾಯಿ ತಿಂದಿದ್ದಳು. ಫೋನು ನೋಡಿಕೊಂಡು ಹಾಲು ಕುಡಿಸಿದಳು. ಬಂದವರೆಲ್ಲ ಒಂದೊಂದು ಸೇರಿಸಿ ಹೋದರು. ರೇಣುಕಾ ಯಾರಿಗೂ ಎದುರಾಡಲಿಲ್ಲ. ನಾನೂ ಅವಳ ಪರ ಒಂದು ಮಾತಾಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ಡಾಕ್ಟರ ಕೋಣೆಗೆ ವಾಪಸು ಬರುತ್ತೇನೆ. ರೇಣುಕಾ ಎಲ್ಲ ಹೇಳಿದಳು. ಇಸಿಜಿ, ಕಿಟಕಿ, ತಟ್ಟೆ. ಕೇಳಿದ ಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟರು.

"ನೋಡಿ, ಮಗುವಿಗೆ ಏನಾದ್ರೂ ತಡ ಆದ್ರೆ ಎಲ್ಲರೂ ತಾಯೀನೇ ಕೇಳ್ತಾರೆ. ನಾನೂ ಈಗ ಅದೇ ಮಾಡ್ತಿದ್ದೆ. ಆದ್ರೆ ಮಗು ಅರ್ಧ ಅಪ್ಪಂದೂ ಹೌದಲ್ವಾ?"

"ನಂದೇನಾದ್ರೂ ಅದಕ್ಕೆ ತಗುಲಿರ್ತದಾ ಮೇಡಂ?"

"ಅಪ್ಪ ತುಂಬಾ ದಿನ ಒತ್ತಡದಲ್ಲಿದ್ರೆ ಅದರ ಗುರುತು ಅವನ ಬೀಜದಲ್ಲೇ ಉಳೀಬಹುದು, ಹುಟ್ಟೋ ಮಗೂನ ಬೆಳವಣಿಗೆಗೂ ತಾಗಬಹುದು ಅಂತ ಈಗ ಹುಡುಕ್ತಿದ್ದಾರೆ. ಇಲಿಗಳಲ್ಲಿ ಕಂಡಿದ್ದಾರೆ. ಮನುಷ್ಯರಲ್ಲಿ ಇನ್ನೂ ಖಚಿತವಾಗಿಲ್ಲ. ನಿಮ್ಮ ಮಗುವಿಗೆ ಅದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ, ಯಾರೂ ಹೇಳೋಕಾಗಲ್ಲ. ಹುಟ್ಟಿದ ಮೇಲಿನದು ಬೇರೆ. ಮಾತಾಡದ ಮನೇಲಿ, ಬೆಚ್ಚಿ ಬೀಳೋ ಮನೇಲಿ ಮಗು ಹೇಗೆ ಮಾತು ಕಲೀತದೆ? ಅದನ್ನ ನಾನು ಈ ಕುರ್ಚೀಲಿ ಕೂತು ದಿನಾ ನೋಡ್ತೀನಿ."

ಅವರು ಮತ್ತೆ ಪೆನ್ನು ಎತ್ತಿಕೊಂಡರು. "ಇದು ನಿಮ್ಮನ್ನ ತಪ್ಪಿತಸ್ಥ ಮಾಡೋಕೆ ಅಲ್ಲ. ಮಗಳಿಗೆ ಮಾತಿನ ತರಬೇತಿ ಬರೆದುಕೊಡ್ತೀನಿ. ನಿಮಗೂ ಚಿಕಿತ್ಸೆ ಬೇಕು. ಎರಡೂ ಒಟ್ಟಿಗೆ ನಡೀಬೇಕು. ಒಂದನ್ನೇ ಮಾಡಿದ್ರೆ ಅರ್ಧ ಮಾಡಿದ ಹಾಗೆ."

ವಾಪಸು ಬರುವಾಗ ಬಸ್ಸು ತಳಕು ದಾಟಿತು. ಆಮೇಲೆ ರೇಣುಕಾ ಕಿಟಕಿಯ ಕಡೆ ನೋಡುತ್ತಲೇ ಅಂದಳು, "ಸಿಟ್ಟು ಬಂತಾ?"

"ಬಂತು."

"ಬರ್ಲಿ ಬಿಡ್ರಿ. ನಾನು ಮೂರು ವರ್ಷದಿಂದ ನಾನೇ ಏನೋ ಮಾಡಿದೀನಿ ಅನ್ಕೊಂಡು ಬದುಕಿದೀನಿ."

ನಮ್ಮೂರಿನ ಹತ್ತಿರದ ಹಾನಗಲ್ಲಿನಲ್ಲಿ ಬಸ್ಸು ನಿಂತಾಗ ಇಳಿದು ಸೌತೆಕಾಯಿ ತಂದು ಅವಳ ಕೈಗೆ ಕೊಟ್ಟೆ. ಅಷ್ಟೇ ನನ್ನಿಂದಾದದ್ದು.

ಮನಸ್ಸಿನ ಡಾಕ್ಟರು ವಾರಕ್ಕೊಂದು ದಿನ ಮೊಳಕಾಲ್ಮೂರು ಆಸ್ಪತ್ರೆಗೆ ಬರುತ್ತಿದ್ದರು. ಮೊದಲ ವಾರ ಹೋಗಿ ಸಾಲಿನಲ್ಲಿ ನಿಂತೆ. ಮುಂದೆ ನಿಂತಿದ್ದ ಮುದುಕ ತಿರುಗಿ ನೋಡಿ ಗುರುತು ಹಿಡಿದ. "ಏನ್ ಸ್ವಾಮಿ, ಆಸ್ಪತ್ರ್ಯಾಗೂ ಕರೆಂಟ್ ಹೋತಾ?"

"ಹೂಂ ಯಜಮಾನ್ರೇ, ಫ್ಯೂಸ್ ನೋಡ್ಬೇಕಿತ್ತು," ಅಂದೆ. ಫ್ಯಾನು ಅವನ ತಲೆಯ ಮೇಲೇ ತಿರುಗುತ್ತಿತ್ತು. ಸಾಲು ಬಿಟ್ಟು ಹೋಗಿ ಗೋಡೆಯ ಮೀಟರ್ ಬೋರ್ಡನ್ನು ಎರಡು ನಿಮಿಷ ಗಂಭೀರವಾಗಿ ನೋಡಿ ಮನೆಗೆ ಬಂದುಬಿಟ್ಟೆ. ಹುಚ್ಚರ ಡಾಕ್ಟರ ಹತ್ತಿರ ಹೋಗಿದ್ದಾನೆ ಎಂದು ಗೊತ್ತಾದರೆ ನನ್ನನ್ನು ಕಂಬ ಹತ್ತಿಸುತ್ತಾರಾ ಎಂಬ ಭಯ.

ಮುಂದಿನ ವಾರ ರೇಣುಕಾ ಜೊತೆಗೆ ಬಂದಳು. ಮಗುವನ್ನೂ ಎತ್ತಿಕೊಂಡು ಬಂದಳು. ಬೆಂಚಿನ ಮೇಲೆ ನಮ್ಮ ಪಕ್ಕ ರಾಯದುರ್ಗದ ಕಡೆಯ ಒಬ್ಬ ಅಜ್ಜಿ ಕೂತಿದ್ದಳು. "ಎವರಿಕಿ ಬಾಗಲೇದು?" ಎಂದು ಕೇಳಿದಳು, ಯಾರಿಗೆ ಹುಷಾರಿಲ್ಲ ಎಂದು. ರೇಣುಕಾ ನನ್ನ ಕಡೆ ಕೈ ತೋರಿಸಿದಳು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾಕೂ ಅಂತೇ," ಅಂದಳು. ನನಗೂ ಅಷ್ಟೇ. ಆಮೇಲೆ ಸೆರಗಿನ ಗಂಟು ಬಿಚ್ಚಿ ಮಗುವಿಗೆ ಕಲ್ಲುಸಕ್ಕರೆಯ ತುಂಡು ಕೊಟ್ಟಳು. ನಾಲ್ಕು ವರ್ಷದಲ್ಲಿ ನನ್ನ ಕಾಯಿಲೆಯನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡವರು ಬೇರೆ ಯಾರೂ ಇರಲಿಲ್ಲ.

ಡಾಕ್ಟರು ಸಣ್ಣ ವಯಸ್ಸಿನವರು. ಅಪಘಾತದಿಂದ ಹತ್ತಿದ ಆತಂಕದ ಕಾಯಿಲೆ ಎಂದರು. ಹಾರ್ಟು ಸರಿ ಇದೆ, ಇದಕ್ಕೆ ಔಷಧಿ ಇದೆ ಎಂದರು. ಕಾಯಿಲೆಗೆ ಒಂದು ಹೆಸರು ಸಿಕ್ಕಿದ್ದೇ ಅರ್ಧ ಭಾರ ಇಳಿಸಿತು. ಮಾತ್ರೆಯ ಮೊದಲ ಎರಡು ವಾರ ಹೊಟ್ಟೆ ತೊಳಸಿತು, ಹಗಲೆಲ್ಲ ತೂಕಡಿಕೆ. ಬಿಟ್ಟುಬಿಡುತ್ತೇನೆ ಎಂದು ಹಟ ಹಿಡಿದೆ. ರೇಣುಕಾ ಮಾತ್ರೆ ಅಂಗೈಯಲ್ಲಿಟ್ಟುಕೊಂಡು ಎದುರಿಗೆ ನಿಲ್ಲುತ್ತಿದ್ದಳು, ನುಂಗುವವರೆಗೂ ಕದಲುತ್ತಿರಲಿಲ್ಲ. ಸಾಹೇಬರಿಗೆ ಹೇಳಿ ಕಂಬ ಹತ್ತುವ ಕೆಲಸ ಬಿಟ್ಟು ಆಫೀಸಿನಲ್ಲಿ ದೂರು ಬರೆದುಕೊಳ್ಳುವ ಕೆಲಸ ಹಾಕಿಸಿಕೊಂಡೆ. ಆರನೇ ವಾರದಲ್ಲಿ ಒಂದು ದಿನ ಫೋನು ಬಡಿದುಕೊಂಡಿತು, ಎತ್ತಿದೆ, ಮಾತಾಡಿದೆ, ಇಟ್ಟೆ. ಎದೆ ಗುದ್ದಲಿಲ್ಲ ಎಂಬುದು ಇಟ್ಟ ಮೇಲೆ ಹೊಳೆಯಿತು.

ಮಗುವಿನ ತರಬೇತಿಗೆ ಹದಿನೈದು ದಿನಕ್ಕೊಮ್ಮೆ ಚಳ್ಳಕೆರೆಗೆ ಹೋಗುತ್ತಿದ್ದೆವು. ಅಲ್ಲಿ ತರಬೇತಿ ಕೊಡುವ ಹುಡುಗಿ ನನಗೇ ಕೆಲಸ ಹಚ್ಚಿದಳು. ದಿನಾ ಅರ್ಧ ಗಂಟೆ ಮಗುವಿನ ಮುಖಕ್ಕೆ ಮುಖ ಕೊಟ್ಟು ಕೂರಬೇಕು. ಮಾಡಿದ್ದನ್ನೆಲ್ಲ ಬಾಯಲ್ಲಿ ಹೇಳಬೇಕು. "ಅಪ್ಪ ನೀರು ಕುಡೀತು, ಲೋಟ ಇಟ್ತು," ಹೀಗೆ. ಮೊದಮೊದಲು ನನ್ನ ದನಿ ನನಗೇ ಯಾರದೋ ಅನಿಸುತ್ತಿತ್ತು. ಪಕ್ಕದ ಮನೆಯ ಕಡೆಯ ಕಿಟಕಿ ತೆರೆದೆವು. ಮಗಳನ್ನು ಅವರ ಹೊಸ್ತಿಲ ಮೇಲೆ ಕೂರಿಸಿಕೊಂಡು ಮಗ್ಗದ ಜೊತೆ "ಟಕ್, ಟಕ್" ಎನ್ನುತ್ತಿದ್ದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು, ಸದ್ದು ಅಲ್ಲಿಂದ ಬರುತ್ತದೆ ಎಂದು ಅವತ್ತೇ ಗೊತ್ತಾದವಳ ಹಾಗೆ.

ಒಂದು ಬೆಳಿಗ್ಗೆ ಅವ್ವ ರೊಟ್ಟಿ ತಟ್ಟುತ್ತಾ ಮತ್ತೆ ಗ್ರಹಣದ ಮಾತು ತೆಗೆದಳು. ರೇಣುಕಾ ನೀರು ತರಲು ಹಿತ್ತಿಲಿಗೆ ಹೋಗಿದ್ದಳು, ಆದರೆ ಕೇಳಿಸುವಷ್ಟು ಹತ್ತಿರ. ನಾನು ಅಂದೆ, "ಅವ್ವಾ, ತಪ್ಪು ಹುಡುಕ್ಲೇಬೇಕು ಅಂದ್ರೆ ನನ್ನಿಂದ ಶುರು ಮಾಡು. ಮಗು ಹೊಟ್ಟ್ಯಾಗ್ ಬರೋಕೆ ಮುಂಚೆನೇ ಕಾಯಿಲೆ ಬಿದ್ದಿದ್ದು ನಾನು. ಮಗೂನ ಎತ್ಕೊಳ್ದೇ ಇದ್ದೋನು ನಾನು. ಅವ್ಳು ಏನೂ ಮಾಡಿಲ್ಲ."

"ಏನಲೇ ಅದು, ಅಪ್ಪಂದ್ರಿಂದ ಎಲ್ಲಾದ್ರೂ ಮಕ್ಕಳಿಗೆ ಹಿಂಗಾಗ್ತೈತಾ?"

"ಆಗ್ಬೋದಂತೆ. ಡಾಕ್ಟ್ರೇ ಅಂದ್ರು."

ಅವ್ವ ರೊಟ್ಟಿ ತಿರುವಿ ಹಾಕಿದಳು. ಹೆಂಚಿಗೇ ಹೇಳುವವಳಂತೆ ಅಂದಳು, "ನೀನು ಎರಡು ವರ್ಷ ದಾಟಿದ್ರೂ ನಡೀಲಿಲ್ಲ. ನೀನು ಹೊಟ್ಟ್ಯಾಗಿದ್ದಾಗ ನಿಮ್ಮಪ್ಪನ ತಮ್ಮ ಬಾವಿಗ್ ಬಿದ್ದು ಹೋದ. ನಿಮ್ಮಪ್ಪ ವರ್ಷಗಟ್ಲೆ ಬಾಯಿ ಬಿಡ್ಲಿಲ್ಲ. ನಮ್ಮತ್ತೆ ಮಾತ್ರ ನನ್ನೇ ಅಂತಿದ್ಲು, ಕಾಲು ಚಾಚ್ಕೊಂಡ್ ಮಲಗ್ತಿದ್ದೆ ಅದಕ್ಕೇ ಅಂತ." ಆಮೇಲೆ ಹಿತ್ತಿಲ ಕಡೆ ಕೂಗಿದಳು, "ರೇಣುಕಾ, ಬಾರಮ್ಮ, ರೊಟ್ಟಿ ಆರೋಗ್ತೈತೆ. ನೀನ್ ಮೊದ್ಲು ತಿನ್ನು."

ಕ್ಷಮೆ ಎಂಬ ಪದ ಅವ್ವನ ಬಾಯಲ್ಲಿ ನಾನು ಯಾವತ್ತೂ ಕೇಳಿಲ್ಲ. ಸೊಸೆಯನ್ನು ಮೊದಲು ಉಣ್ಣಲು ಕರೆದದ್ದೂ ಅವತ್ತೇ ಮೊದಲು.

ಮಾತ್ರೆ, ತರಬೇತಿ ಎಲ್ಲ ನಡೆದರೂ ಒಂದು ವಿಷಯ ಬಾಕಿ ಇತ್ತು. ಸರಪಳಿಯದು. ಡಾಕ್ಟರಿಗೆ ಹೇಳಿದ್ದೆ, ರೇಣುಕಾಳಿಗೂ ಹೇಳಿದ್ದೆ. ಹೇಳಬೇಕಾದವನಿಗೆ ಹೇಳಿರಲಿಲ್ಲ. ಒಂದು ಭಾನುವಾರ ಓಬಳೇಶನ ಊರಿಗೆ ಹೋದೆ. ಅವನು ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಶೇಂಗಾ ಸುಲಿಯುತ್ತಿದ್ದ. ಮೊದಲು ತಡವರಿಸಿದೆ, ಆಮೇಲೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಸರಪಳಿ ಹಾಕಿರಲಿಲ್ಲ, ತರಲು ಹೋಗಲೇ ಇಲ್ಲ, ವಿಚಾರಣೆಯಲ್ಲಿ ಸುಳ್ಳು ಹೇಳಿದೆ.

ಅವನು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಂಗೊತ್ತಿತ್ತು ಲೇ," ಅಂದ. "ಹತ್ತೋವಾಗ್ಲೇ ನೋಡಿದ್ದೆ, ಸರಪಳಿ ಇಲ್ಲ ಅಂತ. ನಾನೂ ಕೇಳ್ಲಿಲ್ಲ. ನಂಗೂ ಅವಸರ ಇತ್ತು."

"ಮತ್ತೆ ವಿಚಾರಣೇಲಿ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ಕೈ ಬರ್ತಿತ್ತಾ?" ಸಿಪ್ಪೆ ಆಚೆ ಕೊಡವಿ, "ನೀನು ಆಸ್ಪತ್ರೆಗೆ ಬಂದು ನೋಡ್ತೀಯಾ ಅಂತ ಕಾದೆ. ಬರ್ಲಿಲ್ಲ. ಅದಕ್ಕೆ ಸಿಟ್ಟಿತ್ತು. ಸರಪಳಿಗಲ್ಲ," ಅಂದ.

ನಾನು ಅತ್ತೆ. ಅವನು ಅಳಲಿಲ್ಲ. ಸುಲಿದ ಕಾಳನ್ನು ನನ್ನ ಕಡೆ ದೂಡಿದ. "ತಿನ್ನು. ಇನ್ಮುಂದೆ ಬಾ. ಮಗೂನೂ ಕರ್ಕೊಂಡ್ ಬಾ." ಮರುದಿನ ಆಫೀಸಿಗೆ ಹೋಗಿ ಇದ್ದದ್ದನ್ನು ಬರೆದುಕೊಟ್ಟೆ. ಶಿಕ್ಷೆಯಾಗಿ ಒಂದು ವರ್ಷದ ಸಂಬಳದ ಬಡ್ತಿ ತಡೆದರು. ಅವತ್ತು ಮಧ್ಯಾಹ್ನ ಹೊಟ್ಟೆ ತುಂಬ ಉಂಡೆ.

ಮಗಳ ಮೊದಲ ಮಾತು ಬಂದದ್ದು ಅದಾದ ಎರಡು ತಿಂಗಳಿಗೆ. ನಾವೆಲ್ಲ ನಡುಮನೆಯಲ್ಲಿದ್ದೆವು. ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಲ್ಲುವುದನ್ನೇ ನೋಡುತ್ತಿದ್ದ ಸಿಂಚನಾ ಸ್ಪಷ್ಟವಾಗಿ "ಹೋತು" ಅಂದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ನಮ್ಮ ಮುಖ ನೋಡಿ, ಇವರಿಗೆ ತಿಳಿಯಲಿಲ್ಲವೇನೋ ಎಂದುಕೊಂಡು, ಮೇಲೆ ಬೆರಳು ತೋರಿಸಿ ಇನ್ನೊಮ್ಮೆ ಹೇಳಿದಳು. ಅವ್ವ ನಗುತ್ತಾ ಕಣ್ಣೊರೆಸಿಕೊಂಡಳು. "ಲೈನ್‌ಮನ್ ಮಗ್ಳು ಇನ್ನೇನ್ ಅಂದಾಳು!" ರೇಣುಕಾ ಎದ್ದು ಒಳಗೆ ಹೋದಳು. ಹಿಂದೆ ಹೋಗಿ ನೋಡಿದರೆ ಅಕ್ಕಿ ಡಬ್ಬಿಯ ಮುಂದೆ ಕೂತು ಅಳುತ್ತಿದ್ದಳು. ಪಕ್ಕದಲ್ಲಿ ಕೂತೆ. ಕರೆಂಟು ಬರುವವರೆಗೂ ಏಳಲಿಲ್ಲ.

ಈಗ ಅವಳಿಗೆ ಐದು ವರ್ಷ. ಶಾಲೆಗೆ ಹೋಗುತ್ತಾಳೆ. ಮಾತು ವಯಸ್ಸಿಗಿಂತ ಸ್ವಲ್ಪ ಹಿಂದೆಯೇ ಇದೆ, ಕೆಲವು ಅಕ್ಷರ ತಿರುಗುವುದಿಲ್ಲ. ತರಬೇತಿ ನಡೆಯುತ್ತಿದೆ. ನನ್ನ ಮಾತ್ರೆಯನ್ನು ಡಾಕ್ಟರು ಅರ್ಧಕ್ಕೆ ಇಳಿಸಿದ್ದಾರೆ, ಬಿಡಿಸಿಲ್ಲ. ಕೆಲವು ದಿನ ಎದೆ ಹಳೆಯ ಹಾಗೆ ಗುದ್ದುತ್ತದೆ. ಅಂಥ ದಿನ ಮನೆಯವರಿಗೆ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ನನ್ನ ಒತ್ತಡ ಅವಳಿಗೆ ಹುಟ್ಟುವ ಮೊದಲೇ ತಗುಲಿತ್ತೋ, ಹುಟ್ಟಿದ ಮೇಲಿನ ನಮ್ಮ ಮನೆಯ ಮೌನದಿಂದ ಆದದ್ದೋ, ಎರಡೂ ಅಲ್ಲದೆ ಇನ್ನೇನೋ, ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ನನ್ನ ಹಾಗೆ ಬಾಗಿಲ ಪಕ್ಕದಲ್ಲಿ ಸುಮ್ಮನೆ ಕೂತಿರುವ ಅಪ್ಪಂದಿರು ಇದನ್ನು ಓದಿದರೆ ಒಂದೇ ಮಾತು: ನಿಮಗೆ ಹುಷಾರಿಲ್ಲದಿದ್ದರೆ ಅದು ನಿಮ್ಮೊಬ್ಬರ ವಿಷಯ ಎಂದುಕೊಳ್ಳಬೇಡಿ. ಹೋಗಿ ತೋರಿಸಿಕೊಳ್ಳಿ.

ಕಳೆದ ತಿಂಗಳು, ನಾನು ಮತ್ತೆ ಕಂಬ ಹತ್ತಲು ಶುರು ಮಾಡಿದ ಮೇಲೆ, ನಮ್ಮ ಬೀದಿಯಲ್ಲೇ ಒಂದು ಕೆಲಸ ಬಂತು. ಶಾಲೆ ಬಿಡುವ ಹೊತ್ತು. ಅವ್ವ ಮೊಮ್ಮಗಳನ್ನು ಕರೆದುಕೊಂಡು ಬರುತ್ತಿದ್ದಳು. ಸಿಂಚನಾ ಕತ್ತೆತ್ತಿ ನನ್ನನ್ನು ನೋಡಿದಳು. ನಾನು ಅಷ್ಟು ಎತ್ತರದಲ್ಲಿರುವುದನ್ನು ಅವಳು ನೋಡಿದ್ದು ಅದೇ ಮೊದಲು. ಅಜ್ಜಿಯ ಕೈ ಬಿಡಿಸಿಕೊಂಡು ಕಂಬದ ಬುಡಕ್ಕೆ ಬಂದು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಅಪ್ಪಾ, ಇಳಿ! ಕೆಳಗ್ ಬಾ!"

ಅಷ್ಟು ಜೋರಾಗಿ ಅವಳು ಅದುವರೆಗೆ ಕೂಗಿರಲಿಲ್ಲ. ಮಗ್ಗದ ಮನೆಯವರು ಹೊರಗೆ ಬಂದು ನಕ್ಕರು. ಕೆಳಗಿದ್ದ ಹೊಸ ಜೊತೆಗಾರ, "ಇನ್ನೊಂದು ಬೋಲ್ಟ್ ಐತೆ ಸ್ವಾಮಿ, ಮುಗಿಸ್ಕೊಂಡೇ ಇಳೀರಿ," ಅಂದ.

ಬೋಲ್ಟು ಆಮೇಲೆ ಬಿಗಿದರಾಯಿತು. ನಾನು ಇಳಿದೆ.